ಬ್ರೇಕ್ ಪ್ಯಾಡ್: ಸರ್ವೀಸ್ ಸೆಂಟರಿಗೆ ಕೊಡಬೇಕೇ, ನಾವೇ ಹಾಕಿಕೊಳ್ಳಬೇಕೇ?

ಬ್ರೇಕ್ ಒತ್ತಿದಾಗಲೆಲ್ಲ ನನ್ನ ಕಾರಿನ ಮುಂದಿನ ಎಡ ಚಕ್ರದಿಂದ ಎಣ್ಣೆ ಕಾಣದ ರಾಟೆಯಂಥ ಸದ್ದು ಬರಲು ಶುರುವಾಗಿದ್ದು ಮಳೆಗಾಲದ ಕೊನೆಯಲ್ಲಿ. ಬೆಂಗಳೂರಿನ ಸುಮನಹಳ್ಳಿಯ ಹತ್ತಿರ ಮೊದಲು ಕೇಳಿಸಿದಾಗ ಎಲ್ಲೋ ಕೆಸರು, ಮರಳು ಸಿಕ್ಕಿರಬೇಕು ಎಂದುಕೊಂಡೆ. ಮೂರು ದಿನ ಒಳ್ಳೆಯ ಬಿಸಿಲು ಬಿದ್ದರೂ ಸದ್ದು ಹೋಗಲಿಲ್ಲ. ಆ ಸದ್ದು ಬೇಕೆಂದೇ ಇಟ್ಟಿರುವುದು ಎಂದು ಆಮೇಲೆ ತಿಳಿಯಿತು. ಚಕ್ರದೊಂದಿಗೆ ತಿರುಗುವ ಲೋಹದ ತಟ್ಟೆಯೇ ಡಿಸ್ಕ್, ಬ್ರೇಕ್ ಒತ್ತಿದಾಗ ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವುದು ಪ್ಯಾಡ್. ಪ್ಯಾಡಿನ ಅಂಚಿನಲ್ಲಿ ತಗಡಿನ ಪುಟ್ಟ ನಾಲಿಗೆಯೊಂದು ಇರುತ್ತದೆ. ಪ್ಯಾಡ್ ಸವೆದು ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕಿರುಗುಟ್ಟುತ್ತದೆ.

ನಾನು ವಿಜಯನಗರದ ಒಂದು ರಕ್ತಪರೀಕ್ಷಾ ಪ್ರಯೋಗಾಲಯದಲ್ಲಿ ತಂತ್ರಜ್ಞೆ. ಮನೆಗಳಿಗೆ ಹೋಗಿ ಮಾದರಿ ತರುವ ದಿನಗಳಲ್ಲಿ ಬೆಳಿಗ್ಗೆ ಆರಕ್ಕೇ ಹೊರಟು ನಾಗರಬಾವಿ, ಉಲ್ಲಾಳ, ಕೆಂಗೇರಿ ಎಲ್ಲ ಸುತ್ತುತ್ತೇನೆ. ಗಾಡಿ 2014ರ ವ್ಯಾಗನ್ ಆರ್, ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಹದಿಮೂರು ತಿಂಗಳ ಹಿಂದೆ ಎಲ್ಲ ಕಂಪನಿಗಳ ಕಾರುಗಳನ್ನೂ ನೋಡುವ ಒಂದು ದೊಡ್ಡ ಸರ್ವೀಸ್ ಸೆಂಟರಿನಲ್ಲಿ ‘ಬ್ರೇಕ್ ಸರ್ವೀಸ್’ ಎಂಬ ಸಾಲಿಗೆ 900 ರೂಪಾಯಿ ಕೊಟ್ಟಿದ್ದೆ. ಈ ಸಲವೂ ಅಲ್ಲಿಗೇ ಹೋದೆ. ಒಳ್ಳೆಯ ಕುರ್ಚಿ, ಬಿಸಿ ಕಾಫಿ, ನಯವಾದ ಮಾತು, ಯಾವುದಕ್ಕೂ ಕೊರತೆ ಇರಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಅಂದಾಜು ಪಟ್ಟಿ ಬಂತು. ಪ್ಯಾಡ್ ಮತ್ತು ಕೂಲಿ ಮಾತ್ರವಾದರೆ 2,900 ರೂಪಾಯಿ. “ಆದರೆ ಮೇಡಂ, ಎರಡೂ ಡಿಸ್ಕ್ ಹೋಗಿವೆ, ಅವನ್ನೂ ಬದಲಿಸುವುದು ಒಳ್ಳೆಯದು” ಎಂದು ಒಟ್ಟು 6,850 ಬರೆದಿದ್ದರು. ನೋಡಬಹುದೇ ಎಂದು ಕೇಳಿದರೆ ಗ್ರಾಹಕರು ಒಳಗೆ ಬರುವಂತಿಲ್ಲ ಎಂದರು. ಮೊಬೈಲಿಗೆ ಒಂದು ಫೋಟೊ ಕಳುಹಿಸಿದರು. ಅದರಲ್ಲಿದ್ದದ್ದು ನನ್ನ ಗಾಡಿಯ ಡಿಸ್ಕೋ ಬೇರೆಯವರದೋ ತಿಳಿಯುವಂತಿರಲಿಲ್ಲ.

ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದೆ. ಅವನು ಅಚ್ಚು, ಉಪಕರಣ ತಯಾರಿಸುವ ಪೀಣ್ಯದ ಟೂಲ್‌ರೂಮಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದಾನೆ. ಅವನು ಕೇಳಿದ್ದು ಒಂದೇ ಮಾತು: “ಹೋಗಿದೆ ಎಂದರೆ ಅಳತೆ ಎಷ್ಟು ಬಂತಂತೆ?” ಆ ಪ್ರಶ್ನೆಗೆ ಕೌಂಟರಿನಲ್ಲಿ ಉತ್ತರ ಸಿಗಲಿಲ್ಲ. ಗಾಡಿ ವಾಪಸು ತಂದೆ.

ಶನಿವಾರ ಮಧ್ಯಾಹ್ನ ವಾಹನಗಳ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದೆ. ಅಲ್ಲಿ ವರ್ಷ, ಮಾಡೆಲ್ ಹೇಳಿದರೆ ಸಾಲದು, ಆರ್.ಸಿ. ಕಾರ್ಡಿನಲ್ಲಿರುವ ಚಾಸಿಸ್ ನಂಬರ್ ಕೊಡಬೇಕು. ಒಂದೇ ಮಾಡೆಲ್ಲಿಗೂ ಬೇರೆ ಬೇರೆ ಪ್ಯಾಡ್ ಬರುವುದುಂಟು. ಅಂಗಡಿಯವರು ರಾಣೆ, ಬಾಷ್ ಕಂಪನಿಗಳ ಪೆಟ್ಟಿಗೆಗಳನ್ನೂ ತೋರಿಸಿದರು. ನಾನು ಕಾರಿನ ಕಂಪನಿಯದೇ ಸೆಟ್ ತೆಗೆದುಕೊಂಡೆ, 1,480 ರೂಪಾಯಿ, ಜಿಎಸ್‌ಟಿ ಬಿಲ್ಲಿನ ಸಮೇತ. ಬಿಲ್ ಕೊಡಲು ಹಿಂದೆಮುಂದೆ ನೋಡಿದ ಪಕ್ಕದ ಅಂಗಡಿಯಲ್ಲಿ 300 ರೂಪಾಯಿ ಕಡಿಮೆ ಹೇಳಿದ್ದರು. ಬ್ರೇಕಿನ ವಿಷಯದಲ್ಲಿ ಆ 300 ರೂಪಾಯಿ ನನಗೆ ಬೇಡ.

ನಮ್ಮ ಮನೆಯ ಮುಂದಿನ ಇಳಿಜಾರಿನಲ್ಲಿ ಈ ಕೆಲಸ ಮಾಡುವಂತಿಲ್ಲ. ಭಾನುವಾರ ಕೆಂಗೇರಿ ಉಪನಗರದ ಅಣ್ಣನ ಮನೆಯ ಸಿಮೆಂಟ್ ಅಂಗಳಕ್ಕೆ ಗಾಡಿ ತಂದೆ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಆಮೇಲೆ ಜಾಕ್. ಜಾಕ್ ಎತ್ತುವುದಕ್ಕೆ ಮಾತ್ರ, ಗಾಡಿಯನ್ನು ಹೊತ್ತು ನಿಲ್ಲುವುದಕ್ಕಲ್ಲ. ಕೆಳಗೆ ಉಕ್ಕಿನ ಸ್ಟ್ಯಾಂಡ್ ಇಡದೆ ಚಕ್ರ ಬಿಚ್ಚುವವರನ್ನು ಕಂಡರೆ ನನಗೆ ನಿಜವಾಗಿಯೂ ಕೋಪ ಬರುತ್ತದೆ.

ಚಕ್ರ ಕಳಚಿ, ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರಿನ ಎರಡು ಬೋಲ್ಟ್ ಬಿಚ್ಚಿದರೆ ಪ್ಯಾಡುಗಳು ಕೈಗೆ ಬರುತ್ತವೆ. ಕ್ಯಾಲಿಪರನ್ನು ಹೋಸ್‌ಪೈಪಿನ ಮೇಲೆ ಜೋತುಬೀಳಲು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದೆವು. ಎರಡು ಹಳೆಯ ಪ್ಯಾಡುಗಳನ್ನು ಪತ್ರಿಕೆಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ಅಳೆದೆವು. ಹೊರಗಿನದು ಇನ್ನೂ 6 ಮಿಲಿಮೀಟರ್ ಇತ್ತು, ಒಳಗಿನದು 2. ಒಂದೇ ಚಕ್ರ, ಒಂದೇ ಡಿಸ್ಕ್, ಒಂದೇ ದಿನ ಹಾಕಿದ ಜೋಡಿ. ಹಾಗಿದ್ದೂ ಈ ವ್ಯತ್ಯಾಸ ಹೇಗೆ?

ಕಾರಣ ಕೆಳಗಿನ ಪಿನ್ನಿನಲ್ಲಿತ್ತು. ಈ ಬಗೆಯ ಬ್ರೇಕಿನಲ್ಲಿ ಬ್ರೇಕ್ ಆಯಿಲಿನ ಒತ್ತಡಕ್ಕೆ ಮುಂದೆ ಸರಿಯುವ ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಹಿಂದಕ್ಕೆ ಜಾರಿ, ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ಪಿನ್ ಜಾರದಿದ್ದರೆ ಹೆಚ್ಚಿನ ಕೆಲಸವೆಲ್ಲ ಒಳಗಿನ ಪ್ಯಾಡಿನ ಪಾಲು. ಮೇಲಿನ ಪಿನ್ ಬೆರಳಿಗೇ ಹೊರಬಂತು. ಕೆಳಗಿನದಕ್ಕೆ ಇಕ್ಕಳ ಹಾಕಿ ಕಾಲು ಕಾಲು ಸುತ್ತು ತಿರುಗಿಸುತ್ತ ಹದಿನೈದು ನಿಮಿಷ ಎಳೆಯಬೇಕಾಯಿತು. ಅದರ ರಬ್ಬರ್ ತೊಡುಗೆ ಉಗುರಿನಷ್ಟು ಅಗಲ ಹರಿದಿತ್ತು. ನೀರು ಹೊಕ್ಕು, ಒಂದು ಮಗ್ಗುಲಿಗೆ ತುಕ್ಕು ಹಿಡಿದು, ಉಳಿದ ಗ್ರೀಸ್ ಹಳೆಯ ಅಂಟುಬೆಲ್ಲದ ಹಾಗೆ ಕಪ್ಪಗೆ ಗಟ್ಟಿಯಾಗಿತ್ತು. ಇದು ಒಂದು ಮಳೆಗಾಲದಲ್ಲಿ ಆದದ್ದಲ್ಲ ಎಂದು ಅಣ್ಣ ತುಕ್ಕನ್ನು ಕೆರೆದು ತೋರಿಸಿದ. ಹದಿಮೂರು ತಿಂಗಳ ಹಿಂದೆ 900 ರೂಪಾಯಿ ತೆಗೆದುಕೊಂಡ ಕೈಗಳು ಈ ಪಿನ್ನನ್ನು ಮುಟ್ಟಿಯೇ ಇರಲಿಲ್ಲ.

ನನಗೆ ಬೇಸರವಾಗಿದ್ದು ಹಣಕ್ಕಲ್ಲ. ಪ್ರಯೋಗಾಲಯದಲ್ಲಿ ನಾನು ಮಾದರಿಯನ್ನು ನೋಡದೆ ವರದಿಗೆ ಸಹಿ ಹಾಕಿದರೆ ಯಾರದೋ ಮನೆಯಲ್ಲಿ ತಪ್ಪು ಔಷಧಿ ಶುರುವಾಗುತ್ತದೆ. ಬ್ರೇಕ್ ಸರ್ವೀಸ್ ಆಗಿದೆ ಎಂದು ಬರೆದುಕೊಡುವುದೂ ಅಂಥದ್ದೇ ಸಹಿ. ಆ ಕಾಗದವನ್ನು ನಂಬಿ ಅಮ್ಮನನ್ನು ಕೂರಿಸಿಕೊಂಡು ನಂದಿಬೆಟ್ಟದ ತಿರುವುಗಳನ್ನು ಇಳಿದಿದ್ದೇನೆ. ಆಯುಧಪೂಜೆಗೆ ಚಕ್ರಗಳ ಕೆಳಗೆ ನಿಂಬೆಹಣ್ಣನ್ನೂ ಇಟ್ಟಿದ್ದೆ.

ಡಿಸ್ಕಿನ ವಿಷಯಕ್ಕೆ ಬರುತ್ತೇನೆ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಡಿಸ್ಕಿನ ಮೇಲೆಯೇ ಮುದ್ರಿಸಿರುತ್ತಾರೆ. ಸವೆದ ಡಿಸ್ಕಿನ ಅಂಚು ಏಣಿನಂತೆ ಉಬ್ಬಿರುವುದರಿಂದ ವರ್ನಿಯರ್ ಅಳತೆಗೋಲು ಮೋಸ ಮಾಡುತ್ತದೆ ಎಂದು ಅಣ್ಣ ಮೈಕ್ರೋಮೀಟರನ್ನೇ ತಂದಿದ್ದ. ನಾಲ್ಕು ಕಡೆ ಅಳೆದ. ಎರಡೂ ಡಿಸ್ಕುಗಳು ಆ ಮಿತಿಗಿಂತ ಒಂದು ಮಿಲಿಮೀಟರಿಗೂ ಹೆಚ್ಚು ದಪ್ಪ ಇದ್ದವು. ಆಳವಾದ ಗೀರುಗಳೂ ಇರಲಿಲ್ಲ.

ಸ್ವಂತ ಕೈಕೆಲಸದ ತೊಂದರೆಯೂ ಆಗಲೇ ಎದುರಾಯಿತು. ಹರಿದ ರಬ್ಬರಿಗೆ ಬದಲಿ ಬೇಕು, ಭಾನುವಾರ ಪ್ಯಾಡ್ ಕೊಂಡ ಅಂಗಡಿ ಮುಚ್ಚಿರುತ್ತದೆ. ಗಾಡಿ ಸ್ಟ್ಯಾಂಡಿನ ಮೇಲೆಯೇ ರಾತ್ರಿ ಕಳೆಯಿತು. ಸೋಮವಾರ ಕೆಂಗೇರಿಯಿಂದ ವಿಜಯನಗರಕ್ಕೆ ಮೆಟ್ರೊದಲ್ಲಿ ಹೋಗಿ, ಕೆಲಸ ಮುಗಿಸಿ, ಮತ್ತೆ ಜೆ.ಸಿ. ರಸ್ತೆಗೆ ಹೋಗಿ 220 ರೂಪಾಯಿಯ ರಬ್ಬರ್ ಕಿಟ್ ತಂದೆ. ಗ್ಯಾರೇಜಿನಲ್ಲಾದರೆ ಹುಡುಗನೊಬ್ಬ ಸ್ಕೂಟರಿನಲ್ಲಿ ಹೋಗಿ ಅರ್ಧ ಗಂಟೆಯಲ್ಲಿ ತರುತ್ತಿದ್ದ.

ಉಳಿದದ್ದು ಸಂಜೆ ಬಲ್ಬಿನ ಬೆಳಕಿನಲ್ಲಿ ಮುಗಿಯಿತು. ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ಮಾತ್ರ. ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಕಚ್ಚುತ್ತದೆ. ಹೊಸ ಪ್ಯಾಡ್ ದಪ್ಪವಾದ್ದರಿಂದ ಪಿಸ್ಟನ್ನನ್ನು ಸಿ-ಕ್ಲ್ಯಾಂಪಿನಿಂದ ಒಳಕ್ಕೆ ತಳ್ಳಬೇಕು. ಆಗ ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ, ಚೆಲ್ಲಿದರೆ ಪೇಂಟ್ ತಿನ್ನುತ್ತದೆ. ಹೊಸ ಸಿರಿಂಜಿನಿಂದ ಮೊದಲೇ ಸ್ವಲ್ಪ ಹೀರಿ ತೆಗೆದೆ. ಆ ಕೆಲಸದಲ್ಲಿ ನನ್ನ ಕೈ ಪಳಗಿದೆ. ಬಲಗಡೆಯದನ್ನು ಎಡಗಡೆ ಪೂರ್ತಿ ಮುಗಿದ ಮೇಲೆಯೇ ಬಿಚ್ಚಿದೆವು. ಒಂದೇ ಕಡೆ ಸವೆದಿದ್ದರೂ ಪ್ಯಾಡನ್ನು ಎರಡೂ ಚಕ್ರಗಳಿಗೆ ಬದಲಿಸಲೇಬೇಕು, ಇಲ್ಲದಿದ್ದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ.

ಇನ್ನೊಂದು ಮಾತನ್ನು ದಯವಿಟ್ಟು ಮರೆಯಬೇಡಿ. ಎಲ್ಲ ಜೋಡಿಸಿದ ಮೇಲೆ ಮೊದಲ ಸಲ ಒತ್ತಿದಾಗ ಬ್ರೇಕ್ ಪೆಡಲ್ ನೆಲದವರೆಗೆ ಇಳಿದುಹೋಗುತ್ತದೆ. ಪಿಸ್ಟನ್ ಹಿಂದೆ ಸರಿದಿರುವುದರಿಂದ ಹಾಗಾಗುತ್ತದೆ. ನಿಂತ ಗಾಡಿಯಲ್ಲೇ ಹತ್ತಾರು ಸಲ ಒತ್ತಿ, ಪೆಡಲ್ ಗಟ್ಟಿಯಾದ ಮೇಲೆಯೇ ಗೇರ್ ಹಾಕಬೇಕು. ಆಮೇಲೆ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಮಂಗಳವಾರ ಬೆಳಿಗ್ಗೆ ಐದೂವರೆಗೆ ವಿಶ್ವೇಶ್ವರಯ್ಯ ಬಡಾವಣೆಯ ಖಾಲಿ ರಸ್ತೆಯಲ್ಲಿ 50ರ ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ನಡುನಡುವೆ ಆರಲು ಬಿಟ್ಟು ಹತ್ತು ಸಲ ಇಳಿಸಿದೆ. ಮೊದಲ ಎರಡು ಸಲ ಬ್ರೇಕ್ ಮಂದವಾಗಿತ್ತು. ಎಂಟನೆಯದಕ್ಕೆ ಕಚ್ಚಿ ಹಿಡಿಯಿತು.

ಲೆಕ್ಕ ಹೀಗಿದೆ: ಪ್ಯಾಡ್, ಕಿಟ್, ಗ್ರೀಸ್, ಬ್ರೇಕ್ ಕ್ಲೀನರ್, ಕ್ಲ್ಯಾಂಪ್, ಒಂದು ಜೊತೆ ಸ್ಟ್ಯಾಂಡ್ ಸೇರಿ 4,240 ರೂಪಾಯಿ. ಬೋಲ್ಟನ್ನು ನಿಗದಿತ ಬಿಗಿಗೆ ತಿರುಗಿಸುವ ಟಾರ್ಕ್ ರೆಂಚ್ ಅಣ್ಣನದು. ಅಂದರೆ ಡಿಸ್ಕ್ ಬಿಟ್ಟು ಸರ್ವೀಸ್ ಸೆಂಟರ್ ಹೇಳಿದ್ದಕ್ಕಿಂತ 1,340 ಹೆಚ್ಚೇ ಆಯಿತು. ಹಣ ಉಳಿಸಲೆಂದು ಈ ಕೆಲಸಕ್ಕೆ ಕೈ ಹಾಕುವವರಿಗೆ ಮೊದಲ ಸಲ ಉಳಿತಾಯವಿಲ್ಲ.

ಎಲ್ಲವನ್ನೂ ನಾನೇ ಮಾಡುತ್ತೇನೆ ಎನ್ನುವ ಹಟವೂ ನನಗಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಅದು ಕುದಿದರೆ ಪೆಡಲ್ ಮೆತ್ತಗಾಗಿ ಬ್ರೇಕ್ ಕೈಕೊಡುತ್ತದೆ. ಅದನ್ನು ಬದಲಿಸಿ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯಲು, ಹಿಂದಿನ ಡ್ರಮ್ ನೋಡಿಸಲು ನಾಗರಬಾವಿಯ 80 ಅಡಿ ರಸ್ತೆಯ ಹಿಂದಿನ ಓಣಿಯ ಸಣ್ಣ ಗ್ಯಾರೇಜಿಗೆ ಹೋದೆ. “ನಿಂತು ನೋಡಿ ಅಕ್ಕಾ, ಬಟ್ಟೆಗೆ ಮಸಿ ಆದರೆ ನನ್ನನ್ನು ಬೈಯಬೇಡಿ” ಎಂದು ಮೆಕ್ಯಾನಿಕ್ ಸ್ಟೂಲ್ ಹಾಕಿದರು. ಡ್ರಮ್ ಕಳಚಿ, ವೀಲ್ ಸಿಲಿಂಡರಿನ ರಬ್ಬರನ್ನು ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಎತ್ತಿದರು. ಒಳಗೆ ಎಣ್ಣೆಯ ಪಸೆ, ಅಂದರೆ ಸಿಲಿಂಡರ್ ಸೋರುತ್ತಿತ್ತು. ನಾನಾಗಿದ್ದರೆ ಆ ರಬ್ಬರನ್ನು ಎತ್ತುತ್ತಲೇ ಇರಲಿಲ್ಲ. ಸಿಲಿಂಡರ್, ಆಯಿಲ್, ಕೂಲಿ ಎಲ್ಲ ಸೇರಿ 1,900 ರೂಪಾಯಿ. ಹಳೆಯ ಸಿಲಿಂಡರನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು.

ಅಲ್ಲಿ ಕೊರತೆಗಳೂ ಇವೆ. ಫೋನ್ ಎತ್ತುವುದಿಲ್ಲ, ಬಿಲ್ ಕೈಬರಹದ್ದು, ಶನಿವಾರ ಹೋದರೆ ಮೂರು ಗಂಟೆ ಕಾಯಬೇಕು. ಡ್ರಮ್ಮಿನ ಧೂಳನ್ನು ಏರ್ ಪೈಪಿನಿಂದ ಊದಲು ಹೊರಟಿದ್ದರು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಬಳಸುತ್ತಿದ್ದರು, ಈಗಿನ ಧೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದೆ. ಒಂದು ಕ್ಷಣ ನನ್ನ ಮುಖ ನೋಡಿ ಬಕೆಟ್ ತರಿಸಿದರು.

ಸಮತಟ್ಟಾದ ಜಾಗ, ಸ್ಟ್ಯಾಂಡ್, ಪಕ್ಕದಲ್ಲಿ ತಿಳಿದವರೊಬ್ಬರು, ಎರಡು ದಿನ ಗಾಡಿ ಇಲ್ಲದೆ ನಡೆಯುವ ಅನುಕೂಲ ಇದ್ದರೆ ಮುಂದಿನ ಚಕ್ರಗಳ ಪ್ಯಾಡನ್ನು ನೀವೇ ಹಾಕಿಕೊಳ್ಳಿ. ಇಲ್ಲದಿದ್ದರೆ ಪಕ್ಕದಲ್ಲಿ ನಿಲ್ಲಲು ಬಿಡುವ ಗ್ಯಾರೇಜಿಗೆ ಹಣ ಕೊಟ್ಟು, ಎರಡೂ ಪಿನ್ನುಗಳನ್ನು ನಿಮ್ಮೆದುರೇ ಹೊರಗೆ ತೆಗೆಸಿ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಇರುವ ಕೆಲವು ಗಾಡಿಗಳಲ್ಲಿ ಬ್ರೇಕ್ ಪೈಪಿನ ಗಾಳಿ ತೆಗೆಯಲು ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕಾಗುತ್ತದೆ, ಆ ಕೆಲಸಕ್ಕೆ ಮನೆಯಲ್ಲಿ ಕೈ ಹಾಕಬೇಡಿ.

5,000 ಕಿಲೋಮೀಟರ್ ಓಡಿದ ಮೇಲೆ ಕಳೆದ ಭಾನುವಾರ ಎಡ ಚಕ್ರವನ್ನು ಮತ್ತೆ ಬಿಚ್ಚಿದೆವು. ಒಳಗಿನ ಪ್ಯಾಡ್ 9 ಮಿಲಿಮೀಟರ್, ಹೊರಗಿನದು 9.2. ಕೆಳಗಿನ ಪಿನ್ನನ್ನು ಅಣ್ಣ ಒಂದೇ ಬೆರಳಿನಲ್ಲಿ ಒಳಕ್ಕೆ ಒತ್ತಿ ಬಿಟ್ಟ. ಅದು ತಾನಾಗಿಯೇ ಮೆಲ್ಲಗೆ ಹೊರಗೆ ಬಂತು.