ಚರ್ಮದಡಿಯ ಶ್ವಾಸನಾಳವೋ, ಇಡೀ ಶ್ವಾಸಕೋಶವೋ?

ಶ್ವಾಸಕೋಶ ಕಸಿ ಮಾಡಿಸಿಕೊಂಡವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ಐದು ವರ್ಷದೊಳಗೆ ದೀರ್ಘಕಾಲದ ತಿರಸ್ಕಾರ (ಕಸಿ ಮಾಡಿದ ಅಂಗವನ್ನು ಹೊರಗಿನದೆಂದು ದೇಹವೇ ನಿಧಾನವಾಗಿ ಹಾಳುಮಾಡೋದು) ಶುರುವಾಗುತ್ತದೆ. ಒಳಗಿನ ಸಣ್ಣ ಉಸಿರುನಾಳಗಳಲ್ಲಿ ನಾರು ಬೆಳೆದು ದಾರಿಯೇ ಕಟ್ಟಿಹೋಗುತ್ತದೆ. ಇದನ್ನು ಸಣ್ಣ ಇಲಿಯಲ್ಲಿ (ಮೌಸ್) ತರಿಸಲು ಲ್ಯಾಬಿನಲ್ಲಿ ನಾನು ಎರಡು ದಾರಿ ಹಿಡಿದು ನೋಡಿದೆ.

ಮೊದಲನೆಯದು ಸುಲಭ. 1993ರಲ್ಲಿ ಅಮೆರಿಕದ ಮಿನ್ನೆಸೋಟಾ ಯೂನಿವರ್ಸಿಟಿಯವರು ತೋರಿಸಿಕೊಟ್ಟದ್ದು. ಬಾಲ್ಬ್-ಸಿ ಎಂಬ ತಳಿಯ ಬಿಳಿ ಇಲಿಯ ಶ್ವಾಸನಾಳ ತೆಗೆದು ಬಿ-6 ಎಂಬ ತಳಿಯ ಕರಿ ಇಲಿಯ ಬೆನ್ನಿನ ಚರ್ಮದಡಿ ಇಟ್ಟು ಹೊಲಿಗೆ ಹಾಕಿದರೆ ಆಯ್ತು. ಕೈ ಪಳಗಿದ ಮೇಲೆ ಅರ್ಧ ಗಂಟೆಯೂ ಬೇಡ. ಮೂರು-ನಾಲ್ಕು ವಾರ ಬಿಟ್ಟು ತೆಗೆದು, ತೆಳುವಾಗಿ ಸೀಳಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ನನಗೆ ನಗು ಬಂತು: ವಡೆಯ ತೂತು ಮುಚ್ಚಿ ಬೋಂಡ ಆಗಿತ್ತು! ಕರಿ ಇಲಿಯ ನಾಳವನ್ನೇ ಇನ್ನೊಂದು ಕರಿ ಇಲಿಗೆ ಇಟ್ಟಿದ್ದೆನಲ್ಲ, ಅದು ಮಾತ್ರ ಹಾಗೇ ತೆರೆದಿತ್ತು.

ಆದರೆ ಅದು ಶ್ವಾಸಕೋಶವೇ ಅಲ್ವಲ್ಲ. ಗಾಳಿ ಆಡೋದಿಲ್ಲ, ರಕ್ತನಾಳ ಜೋಡಿಸಿರೋದಿಲ್ಲ, ಅದೂ ದೊಡ್ಡ ನಾಳ. ರೋಗ ಬರೋದು ಸಣ್ಣ ನಾಳಗಳಿಗೆ.

ಎರಡನೆಯದು ಎಡ ಶ್ವಾಸಕೋಶವನ್ನೇ ಅದರ ಜಾಗದಲ್ಲಿ ಕೂರಿಸೋದು. 2007ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯವರು ಇಲಿಯಲ್ಲಿ ಮಾಡಿ ತೋರಿಸಿದರು. ಡ್ರಿಪ್ ಸೂಜಿಯ ಪ್ಲಾಸ್ಟಿಕ್ ನಳಿಕೆಯಿಂದ ಪುಟ್ಟ ಪುಟ್ಟ ಬಳೆ ಕತ್ತರಿಸಿ, ಅಪಧಮನಿ, ಅಭಿಧಮನಿ, ಉಸಿರುನಾಳ ಮೂರನ್ನೂ ಅದರ ಮೇಲೆ ಮಡಚಿ, ಕೂದಲಿಗಿಂತ ತೆಳು ದಾರದಲ್ಲಿ ಕಟ್ಟಬೇಕು. ನನ್ನ ಮೊದಲ ಹಲವು ಇಲಿಗಳು ಉಳಿಯಲೇ ಇಲ್ಲ. ಒಂದರಲ್ಲಿ ಅಭಿಧಮನಿ ಸ್ವಲ್ಪ ತಿರುಚಿಕೊಂಡಿತ್ತಷ್ಟೇ. ಕ್ಲ್ಯಾಂಪ್ ಬಿಟ್ಟ ಸ್ವಲ್ಪ ಹೊತ್ತಿಗೇ ಗುಲಾಬಿ ಇರಬೇಕಾದ ಶ್ವಾಸಕೋಶ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಮಧ್ಯಾಹ್ನವೆಲ್ಲ ಮಾಡಿದ ಕೆಲಸ ಅಲ್ಲಿಗೇ ಮುಗೀತು.

ಕೈ ಕೂತ ಮೇಲೆ ಇನ್ನೊಂದು ತಲೆನೋವು. ಬಾಲ್ಬ್-ಸಿಯದನ್ನು ಬಿ-6ಗೆ ಔಷಧಿ ಇಲ್ಲದೆ ಹಾಕಿದರೆ ಒಂದೇ ವಾರದಲ್ಲಿ ತೀವ್ರ ತಿರಸ್ಕಾರ, ಶ್ವಾಸಕೋಶ ಲಿವರ್‌ನಂತೆ ಗಟ್ಟಿ. ನಿಧಾನದ ರೋಗ ಬರಲು ಪುರುಸೊತ್ತೇ ಇರೋದಿಲ್ಲ. ಅದಕ್ಕೇ ಹತ್ತಿರದ ತಳಿ, ಬಿ-10 ಇಲಿಯದನ್ನು ಬಿ-6ಗೆ ಹಾಕುವುದು. ಆಗ ನಿಜವಾಗಿ ಸಣ್ಣ ನಾಳಗಳೇ ಕಟ್ಟುತ್ತವೆ, ಆದರೆ ಎಲ್ಲ ಇಲಿಗಳಲ್ಲೂ ಅಲ್ಲ.

ರ್‍ಯಾಟ್‌ನಲ್ಲಿ (ದೊಡ್ಡ ಜಾತಿಯ ಇಲಿ) ರಕ್ತನಾಳ ದೊಡ್ಡದು, ಕೈಗೆ ಆರಾಮ. ಆದರೆ ಬೇಕಾದ ಜೀನ್ ತೆಗೆದ ತಳಿಗಳು ಇಲಿಯಲ್ಲಿರುವಷ್ಟು ಸಿಗೋದಿಲ್ಲ. ಹಂದಿಯನ್ನು ನಾನು ಮುಟ್ಟಿಲ್ಲ, ಅದರ ಖರ್ಚು ಕೇಳಿಯೇ ಸುಮ್ನಾದೆ.

ಹೊಸ ಔಷಧಿಯೊಂದು ನಾಳ ಮುಚ್ಚೋದನ್ನು ತಡೆಯುತ್ತದಾ ಅಂತ ಬೇಗ ನೋಡಬೇಕಿದ್ದರೆ ಈಗಲೂ ನಾನು ಚರ್ಮದಡಿಯ ಶ್ವಾಸನಾಳಕ್ಕೇ ಹೋಗುತ್ತೇನೆ. ರೋಗ ಹೇಗೆ ಶುರುವಾಗುತ್ತದೆ ಅನ್ನೋ ಪ್ರಶ್ನೆಗೆ ಮಾತ್ರ ಇಡೀ ಶ್ವಾಸಕೋಶ. ಆಗ ಆರು ಇಲಿ ಸಾಕು ಅನಿಸಿದರೂ ಹನ್ನೆರಡು ತರಿಸಿಕೊಳ್ಳುತ್ತೇನೆ.