ಲಿನಕ್ಸ್ ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್: ನನ್ನ ಅಂಗಡಿಗೆ ಬಂದವರ ಕೈಯಲ್ಲಿ ಕಂಡದ್ದು

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಝೆರಾಕ್ಸ್ ಅಂಗಡಿ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಆಮೇಲೆ ಹಳೇ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವವರು ಜಾಸ್ತಿ ಆದರು. ವಿಂಡೋಸ್ 11 ಅವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೊಸದು ಕೊಳ್ಳೋಕೆ ಎಲ್ಲರ ಹತ್ತಿರ ದುಡ್ಡಿಲ್ಲ. ಅಂಥವರಿಗೆ ನಾನು ವಿಂಡೋಸ್ ಜಾಗದಲ್ಲಿ ಲಿನಕ್ಸ್ ಮಿಂಟ್ 22 ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಡುತ್ತೇನೆ. ಇದಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. 4 ಜಿಬಿ ರ‍್ಯಾಮ್ ಇದ್ದರೆ ಆರಾಮಾಗಿ ಓಡುತ್ತದೆ.

ಮಿಂಟ್ ಹಾಕುವುದು ಅರ್ಧ ಗಂಟೆಯ ಕೆಲಸ. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಜನ ತಡವರಿಸುವುದು ಮಾರನೇ ದಿನ, ಮೊದಲ ಸಾಫ್ಟ್‌ವೇರ್ ಹಾಕಿಕೊಳ್ಳುವಾಗ. ಅದಕ್ಕೇ ಈ ವಿಮರ್ಶೆ ಪೂರ್ತಿ ಮಿಂಟ್‌ನದ್ದಲ್ಲ, ಅದರೊಳಗೆ ಬೇಕಾದ ಸಾಫ್ಟ್‌ವೇರ್ ಹುಡುಕಿ ಹಾಕಿಕೊಳ್ಳುವ ಸಾಫ್ಟ್‌ವೇರ್ ಮ್ಯಾನೇಜರ್‌ನದ್ದು.

ಡಿಗ್ರಿ ಓದುವ ಹುಡುಗಿಯೊಬ್ಬಳು ಎರಡನೇ ದಿನಕ್ಕೇ ವಾಪಸ್ ಬಂದಳು. "ಅಕ್ಕಾರ, ಡೌನ್‌ಲೋಡ್ ಆಗೇತ್ರಿ, ಆದ್ರ ತೆರಿವಲ್ದು" ಅಂದಳು. ನೋಡಿದರೆ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ವಿಡಿಯೊ ನೋಡುವ ವಿಎಲ್‌ಸಿಯ ಡಾಟ್ ಎಕ್ಸ್‌ಇ ಫೈಲ್ ಮೂರು ಸಲ ಇಳಿದು ಕೂತಿತ್ತು. ಅದು ವಿಂಡೋಸ್‌ನ ಫೈಲ್, ಮಿಂಟ್‌ನಲ್ಲಿ ಹಾಗೇ ತೆರೆಯುವುದಿಲ್ಲ. ಅವಳ ತಪ್ಪೇನಿಲ್ಲ. ಗೂಗಲ್‌ನಲ್ಲಿ ಹುಡುಕು, ವೆಬ್‌ಸೈಟ್‌ನಿಂದ ಇಳಿಸು, ಎರಡು ಸಲ ಒತ್ತು, ನೆಕ್ಸ್ಟ್ ನೆಕ್ಸ್ಟ್ ಅನ್ನು. ಇಷ್ಟು ದಿನ ನಾವೆಲ್ಲ ಕಲಿತಿದ್ದು ಅದನ್ನೇ ಅಲ್ವಾ?

ನಾನು ಅವಳಿಗೆ ಹೇಳಿದ್ದು ಮದುವೆ ಮನೆಯ ಉಗ್ರಾಣದ ಮಾತು. ಉಗ್ರಾಣಕ್ಕೆ ಸಾಮಾನು ಬರುವಾಗಲೇ ಒಬ್ಬರು ನೋಡಿ ಒಳಗಿಡುತ್ತಾರೆ. ಬೀಗದ ಕೈ ಮನೆಯವರ ಹತ್ತಿರ ಇರುತ್ತದೆ. ಅಡುಗೆಯವರು ಉಪ್ಪು ಬೇಕು ಅಂತ ಪೇಟೆಗೆ ಓಡುವುದಿಲ್ಲ, ಉಗ್ರಾಣದಲ್ಲಿ ಕೇಳುತ್ತಾರೆ. ಲಿನಕ್ಸ್‌ನ ರೆಪೊಸಿಟರಿ, ಅಂದರೆ ಸಾಫ್ಟ್‌ವೇರ್‌ಗಳನ್ನು ಇಟ್ಟಿರುವ ಇಂಟರ್‌ನೆಟ್ ಸಂಗ್ರಹ, ಅಂಥದ್ದೇ. ಅಲ್ಲಿಂದ ಬರುವ ಪ್ಯಾಕೇಜ್ ಅಸಲಿಯೋ ಅಲ್ಲವೋ ಅಂತ ಸಿಸ್ಟಂ ಡಿಜಿಟಲ್ ಸಹಿ ನೋಡಿ ತಿಳಿದುಕೊಳ್ಳುತ್ತದೆ. ನೀವು ಕೊಡುವ ಪಾಸ್‌ವರ್ಡೇ ಬೀಗದ ಕೈ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನವರು ಸಾಫ್ಟ್‌ವೇರ್ ತಂದು ಹಾಕುವ ಆಪ್ಟ್ ಎಂಬ ಸಲಕರಣೆ ಕಟ್ಟಿ 25 ವರ್ಷದ ಮೇಲಾಯಿತು. ಮಿಂಟ್ ಇವತ್ತಿಗೂ ಅದರ ಮೇಲೇ ನಿಂತಿದೆ.

ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಅವಳ ಕೈಯಿಂದಲೇ ವಿಎಲ್‌ಸಿ ಅಂತ ಟೈಪ್ ಮಾಡಿಸಿದೆ. ಇನ್‌ಸ್ಟಾಲ್ ಒತ್ತಿದಳು. ಜೊತೆಗೆ ಏನೇನು ಬರುತ್ತದೆ ಅಂತ ಒಂದು ಪಟ್ಟಿ ಬಂತು, ಒಪ್ಪಿದಳು, ಪಾಸ್‌ವರ್ಡ್ ಕೊಟ್ಟಳು. ಸ್ವಲ್ಪ ಹೊತ್ತಿಗೆ ಮೆನುವಿನಲ್ಲಿ ಆ ಕಿತ್ತಳೆ ಬಣ್ಣದ ಕೋನ್ ಕಂಡಿತು. "ಇಷ್ಟೇ ಏನ್ರಿ?" ಅಂದಳು. ಹೌದು, ಇಷ್ಟೇ. ಮೌಸ್ ನಾನು ಮುಟ್ಟಲಿಲ್ಲ. ಹೊಸಬರಿಗೆ ಸಹಾಯ ಮಾಡುವವರಿಗೆ ನನ್ನ ಒಂದೇ ಕೋರಿಕೆ ಇದು: ಅವರ ಕೈಯಿಂದ ಮೌಸ್ ಕಸಿದುಕೊಳ್ಳಬೇಡಿ. ನೀವು ಮಾಡಿಕೊಟ್ಟರೆ ಅವರು ನಾಳೆಯೂ ಬರಬೇಕಾಗುತ್ತದೆ.

ಇನ್ನು ಹೊಸಬರು ಸಿಕ್ಕಿಬೀಳುವ ಜಾಗ. ಫೋಟೊ ತಿದ್ದುವ ಜಿಂಪ್ ಹುಡುಕಿದರೆ ಒಂದೇ ಹೆಸರಿನ ಕೆಳಗೆ ಎರಡು ಆಯ್ಕೆ ಬರುತ್ತವೆ: ಸಿಸ್ಟಂ ಪ್ಯಾಕೇಜ್ ಮತ್ತು ಫ್ಲಾಟ್‌ಪ್ಯಾಕ್. ಯಾವುದು ಯಾಕೆ ಅಂತ ಹೊಸಬರಿಗೆ ತಿಳಿಯುವಂತೆ ಅಲ್ಲಿ ಬಿಡಿಸಿ ಹೇಳಿಲ್ಲ. ಸಿಸ್ಟಂ ಪ್ಯಾಕೇಜ್ ಅಂದರೆ ಉಗ್ರಾಣದ್ದು, ಚಿಕ್ಕದು, ಆದರೆ ಸ್ವಲ್ಪ ಹಳೆಯದು. ಮಿಂಟ್ 22ರಲ್ಲಿ ಹಾಗೆ ಸಿಗುವುದು ಜಿಂಪ್ 2.10. ಫ್ಲಾಟ್‌ಪ್ಯಾಕ್ ಅಂದರೆ ಉಗ್ರಾಣದ ಹೊರಗೆ, ಬೇರೆ ಸಂಗ್ರಹದಿಂದ ಬರುವ ಪ್ಯಾಕೇಜ್. ಅದರಲ್ಲಾದರೆ 2025ರಲ್ಲಿ ಬಂದ 3ನೇ ಆವೃತ್ತಿ ಸಿಗುತ್ತದೆ. ಆದರೆ ಮೊದಲ ಸಲ ಫ್ಲಾಟ್‌ಪ್ಯಾಕ್ ಹಾಕುವಾಗ ಅದು ಓಡಲು ಬೇಕಾದ ಫೈಲ್‌ಗಳ ದೊಡ್ಡ ಕಟ್ಟು (ರನ್‌ಟೈಮ್) ಕೂಡ ಜೊತೆಗೆ ಇಳಿಯುತ್ತದೆ. ನಮ್ಮಲ್ಲಿ ಬಹಳ ಮಂದಿಗೆ ಮನೆಯಲ್ಲಿ ವೈಫೈ ಇಲ್ಲ, ಮೊಬೈಲ್ ಹಾಟ್‌ಸ್ಪಾಟೇ ಗತಿ. ವಿದ್ಯಾಗಿರಿಯಿಂದ ಬರುವ ಒಬ್ಬ ಹುಡುಗನ ದಿನದ 1.5 ಜಿಬಿ ಡೇಟಾ ಒಂದು ಜಿಂಪ್ ಇಳಿಸುವಷ್ಟರಲ್ಲಿ ಮುಗಿದುಹೋಯಿತು. ಅವತ್ತು ರಾತ್ರಿ ಅವನಿಗೆ ಕಾಲೇಜಿನ ಅಸೈನ್‌ಮೆಂಟ್ ಕಳಿಸುವುದಿತ್ತು. ನನಗೆ ನಿಜಕ್ಕೂ ಬೇಜಾರಾಯಿತು. ಈಗ ನಾನು ಎಲ್ಲರಿಗೂ ಮೊದಲೇ ಹೇಳುತ್ತೇನೆ: ಗಾತ್ರ ನೋಡಿ, ಆಮೇಲೆ ಒತ್ತಿ. ಹಾಟ್‌ಸ್ಪಾಟ್ ಇದ್ದರೆ ಸಿಸ್ಟಂ ಪ್ಯಾಕೇಜೇ ಸಾಕು.

ಒಂದು ವಿಷಯದಲ್ಲಿ ಮಿಂಟ್‌ನವರ ಕಾಳಜಿ ಮೆಚ್ಚಬೇಕು. 22ನೇ ಆವೃತ್ತಿಯಿಂದ ಈಚೆಗೆ, ಮೂಲ ತಯಾರಕರದ್ದೇ ಅಂತ ಖಾತ್ರಿಯಾಗದ ಫ್ಲಾಟ್‌ಪ್ಯಾಕ್‌ಗಳನ್ನು ಅವರು ತೋರಿಸುವುದೇ ಇಲ್ಲ. ಬೇಕಿದ್ದವರು ಸೆಟ್ಟಿಂಗ್ಸ್‌ಗೆ ಹೋಗಿ ತಾವೇ ಆನ್ ಮಾಡಿಕೊಳ್ಳಬೇಕು. ಹೊಸಬರಿಗೆ ಅದೇ ಸರಿ.

ಇನ್ನೊಂದು ತೊಂದರೆ ಲಾಕ್‌ನದ್ದು. ಹಿನ್ನೆಲೆಯಲ್ಲಿ ಅಪ್‌ಡೇಟ್ ಮ್ಯಾನೇಜರ್ ಕೆಲಸ ಮಾಡುತ್ತಿರುತ್ತದೆ, ಇತ್ತ ನೀವು ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಸಾಫ್ಟ್‌ವೇರ್ ಹಾಕುವ ಸುಡೊ ಆಪ್ಟ್ ಇನ್‌ಸ್ಟಾಲ್ ಆಜ್ಞೆ ಕೊಡುತ್ತೀರಿ. ಲಾಕ್ ಸಿಗಲಿಲ್ಲ ಅನ್ನುವ ಎರರ್ ಬರುತ್ತದೆ. ಜನ ಹೆದರುತ್ತಾರೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಲಾಕ್ ಫೈಲ್ ಅಳಿಸಿಬಿಡಿ ಎನ್ನುವ ಸಲಹೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಇಬ್ಬರು ಒಂದೇ ಲೆಕ್ಕದ ಪುಸ್ತಕದಲ್ಲಿ ಒಟ್ಟಿಗೆ ಬರೆಯಬಾರದು ಅಂತಲೇ ಆ ಲಾಕ್ ಇರುವುದು. ಐದು ನಿಮಿಷ ಸುಮ್ನೆ ಕೂತು ಮತ್ತೆ ಪ್ರಯತ್ನಿಸಿ. ಹಾಗೇ, ಟರ್ಮಿನಲ್‌ನಲ್ಲಿ ಪೇಸ್ಟ್ ಮಾಡೋಕೆ ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒತ್ತಬೇಕು. ಇದನ್ನು ನಾನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಹಾಕಿ ಕೊಡುತ್ತೇನೆ.

ನಮ್ಮವರಿಗೆ ಎಲ್ಲಕ್ಕಿಂತ ಮುಖ್ಯ ಕನ್ನಡ. ಇಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ಅರ್ಧ ದಾರಿಗೆ ಕೈ ಬಿಡುತ್ತದೆ. ಕನ್ನಡ ಟೈಪ್ ಮಾಡೋಕೆ ಐಬಸ್-ಎಂ17ಎನ್ (ibus-m17n) ಎಂಬ ಪ್ಯಾಕೇಜ್ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬಂದು, ಐಬಸ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಕೆಜಿಪಿ (kgp) ಎಂಬ ಆಯ್ಕೆ ಸೇರಿಸಬೇಕು. ಅದು ನುಡಿ ತಂತ್ರಾಂಶದ್ದೇ ಕೀಲಿಮಣೆ. ಒತ್ತಕ್ಷರಕ್ಕೆ ಅದೇ ಎಫ್. ಬೆರಳಿಗೆ ಹೊಸದಾಗಿ ಏನೂ ಕಲಿಸಬೇಕಿಲ್ಲ. ಆದರೆ ಈ ಹೆಸರು ಗೊತ್ತಿಲ್ಲದವರು ಇದನ್ನು ಹುಡುಕುವುದಾದರೂ ಹೇಗೆ? ಪಕ್ಕದಲ್ಲಿ ಒಬ್ಬರು ಕೂತು ಹೇಳಲೇಬೇಕು. ಇದಕ್ಕೇ ನಾನು ಐದರಲ್ಲಿ ಒಂದು ಅಂಕ ಕಳೆದು ನಾಲ್ಕು ಕೊಡುತ್ತೇನೆ. ಫಾಂಟ್ ಮಾತ್ರ ಸುಲಭ. ಗುಬ್ಬಿ, ನವಿಲು ಎರಡೂ ಉಗ್ರಾಣದಲ್ಲೇ ಇವೆ. ನವಿಲು ಕೈಬರಹದಂಥ ಅಕ್ಷರ. ಮೊನ್ನೆ ಅದೇ ವಿಎಲ್‌ಸಿ ಹುಡುಗಿ ಅಕ್ಕನ ಸೀಮಂತದ ಕರೆಯೋಲೆಯನ್ನು ಅದರಲ್ಲೇ ಮಾಡಿಕೊಂಡು ಪ್ರಿಂಟ್‌ಗೆ ಬಂದಿದ್ದಳು. ಫಾಂಟ್ ತಾನೇ ಹಾಕಿಕೊಂಡಿದ್ದಳು.

ಹಳೇ ನುಡಿ ಫೈಲ್‌ಗಳು ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್ ಅಕ್ಷರಗಳಲ್ಲಿಲ್ಲ. ಮಿಂಟ್‌ನಲ್ಲಿ ತೆರೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ ಕಾಣುತ್ತವೆ. ಅದಕ್ಕಾಗಿ ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಇನ್ನೂ ವಿಂಡೋಸ್‌ನಲ್ಲೇ ಇಟ್ಟಿದ್ದೇನೆ. ನಿಮ್ಮ ಹತ್ತಿರವೂ ಅಂಥ ಫೈಲ್ ಇದ್ದರೆ ಲ್ಯಾಪ್‌ಟಾಪ್ ಕೊಡುವಾಗಲೇ ಹೇಳಿ. ವಿಂಡೋಸ್ ಅಳಿಸದೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೊಡುತ್ತೇನೆ.