ಡಿಸೆಂಬರ್ ಮೊದಲ ವಾರ, ಶಿವಾಜಿ ಪಾರ್ಕ್: ಪುಸ್ತಕದ ಅಂಗಡಿಗಳು ಹೇಗಿವೆ?

ಮುಂಬೈಯಲ್ಲಿ ಪುಸ್ತಕ ಕೊಳ್ಳಲು ಒಳ್ಳೆಯ ಜಾಗ ಯಾವುದು ಎಂದು ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳುತ್ತೇನೆ. ಡಿಸೆಂಬರ್ 6ಕ್ಕೆ ಒಂದೆರಡು ದಿನ ಮುಂಚೆ ದಾದರ್ ಪಶ್ಚಿಮಕ್ಕೆ ಬನ್ನಿ. ಕೈಯಲ್ಲಿ ಗಟ್ಟಿ ಚೀಲ ಇರಲಿ.

ಬಾಬಾಸಾಹೇಬ್ ಅಂಬೇಡ್ಕರರು ತೀರಿಕೊಂಡಿದ್ದು 1956ರ ಡಿಸೆಂಬರ್ 6ರಂದು, ದೆಹಲಿಯಲ್ಲಿ. ಮರುದಿನ ಅಂತ್ಯಕ್ರಿಯೆ ನಡೆದದ್ದು ದಾದರ್ ಚೌಪಾಟಿಯಲ್ಲಿ. ಈಗ ಅಲ್ಲಿ ಅವರ ಸ್ಮಾರಕ ಚೈತ್ಯಭೂಮಿ ಇದೆ. ಪ್ರತಿ ವರ್ಷ ಲಕ್ಷಾಂತರ ಜನ ಬರುತ್ತಾರೆ, ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಕೈ ಮುಗಿಯುತ್ತಾರೆ. ಹತ್ತಿರದ ಶಿವಾಜಿ ಪಾರ್ಕ್ ಮೈದಾನದ ತುಂಬ ಮಂಡಪ, ಅಂಗಡಿ. ಈ ಅಂಗಡಿಗಳ ಬಗ್ಗೆಯೇ ನಾನು ಬರೆಯುತ್ತಿರುವುದು.

ನಾನು ಧಾರಾವಿ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಟೀಚರ್. ನಮ್ಮ ಮಕ್ಕಳ ಮನೆಯವರು ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ. ಮೂರನ್ನೂ ಓದುತ್ತಾರೆ. ಹಾಗಾಗಿ ಕ್ಲಾಸಿನ ಕಪಾಟಿಗೆ ಪುಸ್ತಕ ತರುವಾಗ ನನಗೆ ಭಾಷೆಯ ಚಿಂತೆ ಅಷ್ಟಿಲ್ಲ. ಚಿಂತೆ ಇರುವುದು ಬೆಲೆಯದ್ದು, ಅಕ್ಷರದ ಗಾತ್ರದ್ದು.

ಬೆಲೆಯಲ್ಲಿ ಈ ಅಂಗಡಿಗಳನ್ನು ಮೀರಿಸುವವರಿಲ್ಲ. ತೆಳು ಪುಸ್ತಿಕೆಗಳು ಒಂದು ಪ್ಲೇಟ್ ವಡಾಪಾವ್‌ನ ದುಡ್ಡಿಗೆ ಸಿಗುತ್ತವೆ. ಕಾಗದ ಸಾಧಾರಣ, ಪಿನ್ ಹೊಡೆದ ಬೈಂಡಿಂಗ್. ಪರವಾಗಿಲ್ಲ, ಮಕ್ಕಳ ಕೈಯಲ್ಲಿ ಓಡಾಡಲು ಅಷ್ಟು ಸಾಕು. ಮಹಾರಾಷ್ಟ್ರ ಸರ್ಕಾರ 1979ರಿಂದ ತರುತ್ತಿರುವ ಬಾಬಾಸಾಹೇಬರ ಇಂಗ್ಲಿಷ್ ಬರಹ–ಭಾಷಣಗಳ ಸಂಪುಟಗಳು ಕಂಡರೆ ಮಾತ್ರ ಬಿಡಬೇಡಿ. ಇಟ್ಟಿಗೆಯಷ್ಟು ಭಾರ, ಬೆಲೆ ಕಡಿಮೆ. ಮೊದಲನೇ ಸಂಪುಟ ಬೇಗ ಖಾಲಿಯಾಗುತ್ತದೆ, ಯಾಕೆಂದರೆ 'ಜಾತಿ ವಿನಾಶ' ಇರುವುದು ಅದರಲ್ಲೇ.

ಆ ಪುಸ್ತಕ ಹುಟ್ಟಿದ ಕಥೆ ಗೊತ್ತಿದ್ದರೆ ಈ ಅಂಗಡಿಗಳ ಮಹತ್ವ ಇನ್ನೂ ಚೆನ್ನಾಗಿ ತಿಳಿಯುತ್ತದೆ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ, ಅಂದರೆ ಜಾತಿ ಮುರಿಯಬೇಕು ಎನ್ನುವವರ ಸಂಘ, ತನ್ನ ಸಮ್ಮೇಳನದ ಅಧ್ಯಕ್ಷ ಭಾಷಣಕ್ಕೆ ಅವರನ್ನು ಕರೆಯಿತು. ಬರೆದು ಕಳಿಸಿದ್ದನ್ನು ಓದಿ ಗಾಬರಿಯಾಯಿತು. ಕೆಲವು ಭಾಗ ತೆಗೆಯಿರಿ ಎಂದರು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದರು ಇವರು. ಸಮ್ಮೇಳನವೇ ರದ್ದಾಯಿತು. ಮಾಡದ ಭಾಷಣವನ್ನು ಅವರು ತಾವೇ ಅಚ್ಚು ಹಾಕಿಸಿದರು, 1500 ಪ್ರತಿ. ಎರಡು ತಿಂಗಳಲ್ಲಿ ಅಷ್ಟೂ ಖರ್ಚು! ಅದಕ್ಕೂ ಮುಂಚೆ, 1920ರ ಜನವರಿ 31ಕ್ಕೆ 'ಮೂಕನಾಯಕ' ಪತ್ರಿಕೆ ಶುರು ಮಾಡಿದಾಗ, ದುಡ್ಡು ಕೊಡುತ್ತೇವೆ ಎಂದರೂ ಅದರ ಜಾಹೀರಾತು ಹಾಕಲು ತಿಲಕರ ಮರಾಠಿ ಪತ್ರಿಕೆ 'ಕೇಸರಿ' ಒಪ್ಪಿರಲಿಲ್ಲ. ವೇದಿಕೆ ಸಿಗದಿದ್ದರೆ ಅಚ್ಚು ಹಾಕಿಸು, ಜನರ ಕೈಗೆ ಮುಟ್ಟಿಸು. ಮೈದಾನದಲ್ಲಿ ಟಾರ್ಪಾಲಿನ ಮೇಲೆ ಪುಸ್ತಕ ಹರಡಿ ಕೂತವರು ಇವತ್ತಿಗೂ ಮಾಡುತ್ತಿರುವುದು ಅದನ್ನೇ ಅಲ್ವಾ?

ಮಕ್ಕಳಿಗೆ ಏನು ಕೊಳ್ಳಬೇಕು? ನನ್ನ ಕೇಳಿದರೆ, ಬಾಬಾಸಾಹೇಬರ ನೆನಪುಗಳ ಪುಸ್ತಿಕೆ. 'ವೇಟಿಂಗ್ ಫಾರ್ ಎ ವೀಸಾ' ಎಂದು ಅವರು ಇಂಗ್ಲಿಷಿನಲ್ಲಿ ಬರೆದದ್ದು. 1901ರಲ್ಲಿ ಪುಟ್ಟ ಭೀಮರಾವ್ ಅಣ್ಣನ ಜೊತೆ ಅಪ್ಪನನ್ನು ನೋಡಲು ಹೊರಟಿದ್ದು, ಮಸೂರ್ ಸ್ಟೇಷನ್ನಿನಲ್ಲಿ ಇಳಿದದ್ದು, ಜಾತಿ ಗೊತ್ತಾದ ಮೇಲೆ ಯಾವ ಗಾಡಿಯವನೂ ಬರಲು ಒಪ್ಪದೇ ಹೋದದ್ದು. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಎತ್ತಿನ ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋದರು. ಗಾಡಿಯವನು ನಡೆದುಕೊಂಡು ಬಂದ. ಬುತ್ತಿಯಲ್ಲಿ ಊಟ ಇತ್ತು, ಕುಡಿಯಲು ನೀರಿಲ್ಲ, ಹಸಿದೇ ಮಲಗಿದರು. ಇದನ್ನು ಓದಿದಾಗ ನಮ್ಮ ಆರನೇ ಕ್ಲಾಸು ಕೇಳಿದ ಮೊದಲ ಪ್ರಶ್ನೆ: "ಟೀಚರ್, ಆ ಗಾಡಿಯವನು ದುಡ್ಡು ವಾಪಸ್ ಕೊಟ್ನಾ?"

ಮಾರುವವರ ಬಗ್ಗೆ ಹೇಳಲೇಬೇಕು. ಇವರಲ್ಲಿ ಪುಸ್ತಕ ಓದಿದವರೇ ಜಾಸ್ತಿ. ಕಳೆದ ಸಲ ಒಂದು ಅಂಗಡಿಯಲ್ಲಿ ನಾನು ಗೆಳತಿಯ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದೆ. ಆಳಂದ ಕಡೆಯ ಹುಡುಗ, ಕೇಳಿಸಿಕೊಂಡು ನನ್ನ ಕೈಯಲ್ಲಿದ್ದ ಪುಸ್ತಕವನ್ನು ತಾನೇ ವಾಪಸ್ ತಗೊಂಡ. "ಅಕ್ಕಾರ, ಇದು ಒಯ್ಯಬ್ಯಾಡ್ರಿ. ಅಕ್ಷರ ಭಾಳ ಸಣ್ಣವು ಅದಾವ, ಹುಡುಗರಿಗಿ ಆಗಂಗಿಲ್ಲ. ಆ ಕಡಿ ಮೂಲ್ಯಾಗಿನ ಅಂಗಡ್ಯಾಗ ದಪ್ಪ ಅಕ್ಷರದ್ದು ಸಿಗ್ತದ." ಬೇರೆಯವರ ಅಂಗಡಿಗೆ ಗಿರಾಕಿ ಕಳಿಸುವ ವ್ಯಾಪಾರ ನಾನು ಇನ್ನೆಲ್ಲೂ ನೋಡಿಲ್ಲ. ಇವರ ಹತ್ತಿರ ಚೌಕಾಸಿಗೆ ಇಳಿಯಬೇಡಿ. ಐದು ರೂಪಾಯಿ ಇಳಿಸಿ ನಮಗೇನೂ ಆಗಬೇಕಾಗಿಲ್ಲ.

ಕೊರತೆಗಳೂ ಇವೆ. ಒಂದು ಪುಸ್ತಿಕೆಯಲ್ಲಿ ಮಧ್ಯದ ಪುಟಗಳೆಲ್ಲ ಎರಡೆರಡು ಸಲ ಬಂದಿದ್ದವು, ಕೊನೆಯ ಪುಟಗಳೇ ಇರಲಿಲ್ಲ. ಕೊಳ್ಳುವ ಮುಂಚೆ ಪುಟ ತಿರುಗಿಸಿ ನೋಡಿ. ಕ್ಯಾಲೆಂಡರು, ಟೀ ಶರ್ಟುಗಳ ಮೇಲೆ ಅಚ್ಚಾಗುವ ಮಾತುಗಳಂತೂ ನನಗೆ ಸಿಟ್ಟು ತರಿಸುತ್ತವೆ. ಯಾವ ಭಾಷಣ, ಯಾವ ವರ್ಷ, ಏನೂ ಇಲ್ಲ. ಆಧಾರ ಕೊಟ್ಟು ವಾದ ಮಾಡಿದ ಮನುಷ್ಯನ ಹೆಸರಲ್ಲಿ ಸುಮ್ನೆ ಯಾವುದೋ ಸಾಲು ಹಾಕಿದರೆ ಹೇಗೆ? ಪ್ಲಾಸ್ಟರ್ ಮೂರ್ತಿಗಳು ನೋಡಲು ಚೆಂದ, ಆದರೆ ಕೋಟಿನ ನೀಲಿ ಬಣ್ಣ ಕೈಗೆ ಹತ್ತುತ್ತದೆ. ಸಂವಿಧಾನದ ಪ್ರಸ್ತಾವನೆಯ ಫ್ರೇಮ್ ತಗೊಳ್ಳಿ, ಗೋಡೆಗೂ ಒಪ್ಪುತ್ತದೆ.

ನನ್ನ ದೊಡ್ಡ ದೂರು ಕನ್ನಡದ್ದು. ಮೈದಾನದಲ್ಲಿ ನಮ್ಮ ಕಡೆಯ ಜನ ಅಷ್ಟೊಂದು ಇರುತ್ತಾರೆ, ಕನ್ನಡ ಪುಸ್ತಕ ಮಾತ್ರ ಹುಡುಕಿ ಹುಡುಕಿ ಸಾಕಾಗುತ್ತದೆ. ಸಿಕ್ಕರೆ ಒಂದೆರಡು ಜೀವನ ಚರಿತ್ರೆ. ಬಾಬಾಸಾಹೇಬರ ಬರಹಗಳ ಸಂಪುಟಗಳನ್ನು ಕರ್ನಾಟಕ ಸರ್ಕಾರ ಕನ್ನಡದಲ್ಲಿ ತಂದಿದೆ. ಅವು ಇಲ್ಲಿಗೆ ಯಾಕೆ ಬರುವುದಿಲ್ಲ? 1925ರಲ್ಲಿ ಅವರು ನಿಪ್ಪಾಣಿಯಲ್ಲಿ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದರು. ಬೆಳಗಾವಿ ಜಿಲ್ಲೆಗೆ ಅವರು ಹೊಸಬರಲ್ಲ. ನಮ್ಮ ಪ್ರಕಾಶಕರಿಗೇ ದಾದರ್ ದೂರವಾಯಿತೇನೋ.

ಹೋಗುವವರಿಗೆ ಕೆಲವು ಮಾತು. 6ನೇ ತಾರೀಕು ಅಂಗಡಿಯ ಮುಂದೆ ನಿಂತು ಪುಟ ತಿರುಗಿಸಲೂ ಆಗುವುದಿಲ್ಲ, ಅಷ್ಟು ಜನ. ಪುಸ್ತಕಕ್ಕೆ ಎಂದೇ ಹೋಗುವುದಾದರೆ 4ಕ್ಕೋ 5ಕ್ಕೋ ಹೋಗಿ. ಮೈದಾನದಲ್ಲಿ ನೆಟ್‌ವರ್ಕ್ ಕೈ ಕೊಡುತ್ತದೆ, ಯುಪಿಐ ನಂಬಬೇಡಿ, ಚಿಲ್ಲರೆ ಇಟ್ಟುಕೊಳ್ಳಿ. ಹೂವಿನ ಬದಲು ನೋಟ್‌ಬುಕ್ಕು, ಪೆನ್ನು ತನ್ನಿ ಎನ್ನುವ ಕಾರ್ಯಕರ್ತರೂ ಅಲ್ಲಿ ಸಿಗುತ್ತಾರೆ. ಹಾರಕ್ಕೆ ಹಾಕುವ ದುಡ್ಡು ಅಲ್ಲಿ ಕೊಡಿ. ಸಮಯ ಉಳಿದರೆ ಸ್ಟೇಷನ್ ದಾಟಿ ಪೂರ್ವಕ್ಕೆ, ಹಿಂದೂ ಕಾಲೊನಿಯ 'ರಾಜಗೃಹ'ಕ್ಕೆ ಹೋಗಿ. ಪುಸ್ತಕ ಇಡಲೆಂದೇ ಯೋಚಿಸಿ ಅವರು ಕಟ್ಟಿಸಿದ ಮನೆ ಅದು.

ಈ ವರ್ಷ ಕಲಬುರಗಿ ಕಡೆಯಿಂದ ರೈಲು ಹತ್ತುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಕನ್ನಡದ 'ಜಾತಿ ವಿನಾಶ' ಹತ್ತಿಪ್ಪತ್ತು ಪ್ರತಿ ಹೆಚ್ಚಿಗೆ ತನ್ನಿ. ಆಳಂದದ ಆ ಹುಡುಗನ ಅಂಗಡಿಯಲ್ಲಿ ಇಟ್ಟರೆ ಮಧ್ಯಾಹ್ನದೊಳಗೆ ಹೋಗುತ್ತವೆ. ಐದು ಪ್ರತಿ ನನಗೇ ಬೇಕು.